12345679: ಎಂಟು ಇಲ್ಲದ ಈ ‘ಮಾಯಾ ಸಂಖ್ಯೆ’ಗೆ ನಿಮ್ಮ ಅದೃಷ್ಟ ಗೊತ್ತೇ?

“1ರಿಂದ 9ರೊಳಗೆ ನಿಮಗಿಷ್ಟವಾದ ಅಂಕಿ ಆರಿಸಿ. ಅದನ್ನು 9ರಿಂದ ಗುಣಿಸಿ. ಬಂದದ್ದನ್ನು 12345679ರಿಂದ ಗುಣಿಸಿ. ಚಮತ್ಕಾರ ನೋಡಿ!” ಇಂಥ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬಹುದು. 5 ಆರಿಸಿದರೆ 5 × 9 = 45. 12345679 × 45 = 555555555. ನೀವು ಆರಿಸಿದ ಅಂಕಿಯೇ ಒಂಬತ್ತು ಸಲ!

ಲೆಕ್ಕ ಸರಿಯಾಗಿದೆ. ಆದರೆ ‘ಇದು ಅದೃಷ್ಟ ಸಂಖ್ಯೆ, 8 ಶನಿಯ ಅಂಕಿಯಾದ್ದರಿಂದ ಬಿಟ್ಟಿದ್ದಾರೆ’ ಎಂದರೆ ಅದು ಸುಳ್ಳು.

ಹೀಗೇಕೆ ಬರುತ್ತದೆ?

12345679 × 9 = 111111111. ಒಂಬತ್ತು ಒಂದುಗಳನ್ನು 5ರಿಂದ ಗುಣಿಸಿದರೆ ಒಂಬತ್ತು ಐದುಗಳು. ಗುಟ್ಟು ಇಷ್ಟೇ.

8 ಎಲ್ಲಿ ಹೋಯಿತು?

111111111 ಅನ್ನು 9ರಿಂದ ಕೈಯಲ್ಲೇ ಭಾಗಿಸಿ. 11ರಲ್ಲಿ 1 ಸಲ, ಶೇಷ 2. ಮುಂದಿನ 1 ಇಳಿಸಿದರೆ 21. ಅದರಲ್ಲಿ 2 ಸಲ, ಶೇಷ 3. ಹೀಗೇ ಸಾಗಿ 71ರಲ್ಲಿ 7 ಸಲ, ಶೇಷ 8. ಕೊನೆಗೆ 81. ಅದರಲ್ಲಿ 9 ಪೂರ್ತಿ 9 ಸಲ ಹೋಗುತ್ತದೆ, ಶೇಷ ಉಳಿಯುವುದಿಲ್ಲ. ಹಾಗಾಗಿ 7ರ ನಂತರ ನೇರವಾಗಿ 9. ಇದರಲ್ಲಿ ಶನಿಯ ಕೈವಾಡವಿಲ್ಲ.

ಇದು ಹೊಸದೇ?

ಅಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9ನೇ ಶತಮಾನದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದಲ್ಲೇ ಈ ಗುಣಾಕಾರವಿದೆ. ಎರಡೂ ಕಡೆಯಿಂದ ಓದಿದರೆ ಒಂದೇ ಆಗಿರುವ ಇಂಥ ಉತ್ತರಗಳನ್ನು ಅವರು ಕಂಠಹಾರಕ್ಕೆ ಹೋಲಿಸಿದರು. ಇನ್ನೊಂದು ಹಾರ: 142857143 × 7 = 1000000001.

ನಿಮ್ಮ ಊರಿನ ಪಿನ್‌ಕೋಡ್‌ನಲ್ಲಿ ನೋಡಿ

ಗಾಡಿ ಅಥವಾ ಮೊಬೈಲ್ ನಂಬರಿನ ಅಂಕಿಗಳನ್ನು ಕೂಡಿ ‘ಎಂಟು ಬಂತು, ಆಗಿಬರುವುದಿಲ್ಲ’ ಎನ್ನುವವರಿದ್ದಾರೆ. ಆ ಕೂಡಿಕೆ ನಿಜಕ್ಕೂ ಹೇಳುವುದು ಒಂದೇ ಸಂಗತಿ: 9ರಿಂದ ಭಾಗಿಸಿದರೆ ಉಳಿಯುವ ಶೇಷ. ಹತ್ತು ಎಂದರೆ 9+1, ನೂರು ಎಂದರೆ 99+1. ಆದ್ದರಿಂದ ಪ್ರತಿ ಸ್ಥಾನದಲ್ಲೂ ಆಯಾ ಅಂಕಿಯಷ್ಟೇ ಉಳಿಯುತ್ತದೆ.

• ಮಾಲೂರು 563130: ಕೂಡಿದರೆ 18, ಮತ್ತೆ ಕೂಡಿದರೆ 9. ಅಂದರೆ 9ರಿಂದ ಶೇಷವಿಲ್ಲದೆ ಭಾಗವಾಗುತ್ತದೆ.
• ಮುಳಬಾಗಿಲು 563131: ಮಾಲೂರಿಗಿಂತ ಒಂದು ಹೆಚ್ಚು. ಕೂಡಿಕೆ 1, ಶೇಷ 1.
• ಶ್ರೀನಿವಾಸಪುರ 563135: ಮಾಲೂರಿಗಿಂತ ಐದು ಹೆಚ್ಚು. ಕೂಡಿಕೆ 5, ಶೇಷ 5.
• ಕೋಲಾರ 563101: ಕೂಡಿಕೆ 7, ಶೇಷ 7.

ಸಾಲಾಗಿ ಬರುವ ಪ್ರತಿ ಒಂಬತ್ತು ಸಂಖ್ಯೆಗಳಲ್ಲಿ ಒಂದರ ಕೂಡಿಕೆ 8 ಆಗಿಯೇ ಆಗುತ್ತದೆ. ಕೆಎ-07 ಗಾಡಿಗಳಲ್ಲೂ ಅಷ್ಟೇ. ಅದಕ್ಕಾಗಿ ಸಾವಿರಾರು ರೂಪಾಯಿ ಕೊಟ್ಟು ನಂಬರ್ ಬದಲಿಸಬೇಕಿಲ್ಲ.

ಒಟ್ಟಿನಲ್ಲಿ: ಲೆಕ್ಕ ನಿಜ, ಅದೃಷ್ಟದ ಮಾತು ಸುಳ್ಳು. ಈ ಸಂದೇಶವನ್ನು ಮಕ್ಕಳಿಗೆ ಖಂಡಿತ ಕಳಿಸಿ. ಜೊತೆಗೆ ‘8 ಏಕಿಲ್ಲ, ಭಾಗಿಸಿ ನೋಡು’ ಎಂದೂ ಬರೆಯಿರಿ.