ಹೆಸರಿಡುವ ಮುನ್ನ ಟ್ರೇಡ್ ಮಾರ್ಕ್ ಪರಿಶೀಲಿಸಿ

ಹೊಸ ಹೋಟೆಲು, ಬೇಕರಿ ಅಥವಾ ಮಸಾಲೆ ಪುಡಿಯ ಘಟಕ ಆರಂಭಿಸುವವರು ಹೆಸರಿಗಾಗಿ ಮನೆಯ ಹಿರಿಯರನ್ನು ಕೇಳುತ್ತಾರೆ, ಜ್ಯೋತಿಷಿಗಳನ್ನೂ ಕೇಳುತ್ತಾರೆ. ಆ ಹೆಸರು ಈಗಾಗಲೇ ಬೇರೊಬ್ಬರ ಸ್ವತ್ತಾಗಿದೆಯೇ ಎಂದು ಟ್ರೇಡ್ ಮಾರ್ಕ್ ದಾಖಲೆಗಳಲ್ಲಿ ನೋಡುವವರು ಮಾತ್ರ ವಿರಳ. ನಾಮಫಲಕ ಬರೆಸಿ, ಪೊಟ್ಟಣಗಳನ್ನು ಮುದ್ರಿಸಿ, ಗಿರಾಕಿಗಳು ಹೆಸರು ಹಿಡಿದು ಕೇಳುವಂತಾದ ಮೇಲೆ ವಕೀಲರ ನೋಟಿಸು ಬಂದರೆ, ಹಾಕಿದ ಬಂಡವಾಳದೊಂದಿಗೆ ಗಳಿಸಿದ ಹೆಸರೂ ಹೋಗುತ್ತದೆ.

ವ್ಯಾಪಾರ ಪರವಾನಗಿ, ಜಿಎಸ್‌ಟಿ ಸಂಖ್ಯೆ ಅಥವಾ ಕಂಪನಿ ನೋಂದಣಿ ಇದ್ದರೆ ಹೆಸರು ತಮ್ಮದೇ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಸರಿಯಲ್ಲ. 2003ರಲ್ಲಿ ಜಾರಿಗೆ ಬಂದ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 29ನೇ ಸೆಕ್ಷನ್ ಪ್ರಕಾರ, ಇನ್ನೊಬ್ಬರು ನೋಂದಾಯಿಸಿದ ಚಿಹ್ನೆಯನ್ನು ಅದೇ ಸರಕಿನ ವ್ಯಾಪಾರದಲ್ಲಿ ಸಂಸ್ಥೆಯ ಹೆಸರಾಗಿ ಬಳಸುವುದೂ ಉಲ್ಲಂಘನೆಯೇ. 134ನೇ ಸೆಕ್ಷನ್ ಅಡಿಯಲ್ಲಿ ಮಾಲೀಕರು ತಾವು ವ್ಯಾಪಾರ ನಡೆಸುವ ಊರಿನಲ್ಲೇ ದಾವೆ ಹೂಡಲು ಅವಕಾಶವಿರುವುದರಿಂದ, ಹುಬ್ಬಳ್ಳಿಯ ವ್ಯಾಪಾರಿ ದೆಹಲಿಯ ನ್ಯಾಯಾಲಯಕ್ಕೆ ಉತ್ತರಿಸಬೇಕಾಗಿ ಬರಬಹುದು.

ಇಂತಹ ವಿವಾದ ಎಷ್ಟು ದೀರ್ಘವಾಗಬಲ್ಲದು ಎಂಬುದಕ್ಕೆ ನಮ್ಮ ರಾಜ್ಯದ್ದೇ ನಿದರ್ಶನವಿದೆ. ಕರ್ನಾಟಕ ಹಾಲು ಮಹಾಮಂಡಳವು 1985ರಿಂದ 'ನಂದಿನಿ' ಹೆಸರಿನಲ್ಲಿ ಹಾಲು ಮಾರುತ್ತಿದೆ. ಬೆಂಗಳೂರಿನ 'ನಂದಿನಿ ಡೀಲಕ್ಸ್' ಹೋಟೆಲ್ ಸಂಸ್ಥೆ 1989ರಿಂದ ಆ ಹೆಸರನ್ನು ಬಳಸುತ್ತಿದೆ. ಇಂಗ್ಲಿಷಿನಲ್ಲಿ ಬರೆಯುವಾಗ ಒಂದಕ್ಕೆ 'ಎಚ್' ಅಕ್ಷರ ಹೆಚ್ಚು, ಕನ್ನಡದ ಕಿವಿಗೆ ಮಾತ್ರ ಎರಡೂ ಒಂದೇ. ಹೋಟೆಲ್ ಸಂಸ್ಥೆಯ ನೋಂದಣಿಗೆ 2007ರಲ್ಲಿ ಅಧಿಕಾರಿಗಳು ಅನುಮತಿಸಿದರು. ಅಂದಿನ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ ಅದನ್ನು ರದ್ದುಪಡಿಸಿತು. 2014ರಲ್ಲಿ ಹೈಕೋರ್ಟ್ ಮಂಡಳಿಯ ಆದೇಶವನ್ನು ಎತ್ತಿಹಿಡಿಯಿತು. ಕೊನೆಗೆ 2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಎರಡು ಚಿಹ್ನೆಗಳ ರೂಪವೂ ಸರಕುಗಳೂ ಭಿನ್ನವಾಗಿವೆ, 'ನಂದಿನಿ' ಯಾರೂ ಹೊಸದಾಗಿ ಸೃಷ್ಟಿಸಿದ ಪದವಲ್ಲ ಎಂದು ಹೇಳಿ ಹೋಟೆಲ್ ಪರ ತೀರ್ಪಿತ್ತಿತು. ಆದರೆ ಹಾಲು ಮತ್ತು ಹಾಲಿನ ಉತ್ಪನ್ನಗಳಿಗೆ ಆ ಹೆಸರಿನ ನೋಂದಣಿ ಸಿಗಲಿಲ್ಲ. ಗೆದ್ದವರು ಕೂಡ ಸುಪ್ರೀಂ ಕೋರ್ಟಿನವರೆಗೆ ಹೋರಾಡಬೇಕಾಯಿತು. ಚಿಕ್ಕ ಬೇಕರಿಯೊಂದಕ್ಕೆ ಆ ಶಕ್ತಿ ಎಲ್ಲಿಂದ ಬರಬೇಕು?

ಪರಿಶೀಲನೆಗೆ ಖರ್ಚಿಲ್ಲ. ಕೇಂದ್ರ ಸರ್ಕಾರದ ಬೌದ್ಧಿಕ ಆಸ್ತಿ ಇಲಾಖೆಯ ಅಂತರಜಾಲ ತಾಣದಲ್ಲಿ ಸಾರ್ವಜನಿಕ ಹುಡುಕಾಟದ ಸೌಲಭ್ಯವಿದೆ. ಸರಕು ಮತ್ತು ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಲಾಗಿದ್ದು, ಅಗರಬತ್ತಿ 3ನೇ ವರ್ಗಕ್ಕೆ, ಉಪ್ಪಿನಕಾಯಿ 29ಕ್ಕೆ, ಮಸಾಲೆ ಪುಡಿ 30ಕ್ಕೆ, ಹೋಟೆಲ್ 43ಕ್ಕೆ ಸೇರುತ್ತವೆ. ತಮ್ಮ ವರ್ಗವನ್ನು ನೋಡಿದರಷ್ಟೇ ಸಾಲದು, ಹತ್ತಿರದ ವರ್ಗಗಳನ್ನೂ ನೋಡಬೇಕು. ಅಕ್ಷರಶಃ ಹುಡುಕಿ ಏನೂ ಸಿಗಲಿಲ್ಲವೆಂದು ಸಮಾಧಾನಪಡುವುದು ಸಾಮಾನ್ಯ ತಪ್ಪು. ಉಚ್ಚಾರಣೆ ಆಧರಿಸಿದ ಹುಡುಕಾಟವನ್ನೂ ಬಳಸಬೇಕು. 'ಲಕ್ಷ್ಮಿ', 'ಶ್ರೀ'ಯಂತಹ ಪದಗಳನ್ನು ಇಂಗ್ಲಿಷಿನಲ್ಲಿ ಹಲವು ಬಗೆಯಾಗಿ ಬರೆಯುತ್ತಾರಷ್ಟೆ. ಕನ್ನಡ ಲಿಪಿಯ ಚಿಹ್ನೆಗೆ ಅರ್ಜಿ ಹಾಕಿದರೂ ಲಿಪ್ಯಂತರ ಮತ್ತು ಅನುವಾದ ಕೊಡಲೇಬೇಕು.

ದಾಖಲೆಯಲ್ಲಿ ಇಲ್ಲದ ಹೆಸರೆಲ್ಲ ಮುಕ್ತ ಎಂದೂ ಅಲ್ಲ. ತಿರುನೆಲ್ವೇಲಿಯ 'ಇರುಟ್ಟುಕಡೈ ಹಲ್ವಾ' ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ, ಮೊದಲಿನಿಂದ ಹೆಸರು ಬಳಸುತ್ತಿರುವವರ ಹಕ್ಕು ನೋಂದಣಿ ಪಡೆದವರ ಹಕ್ಕಿಗಿಂತ ಮಿಗಿಲೆಂದು ಎತ್ತಿಹಿಡಿಯಿತು. ಹೀಗಾಗಿ ಮಾರುಕಟ್ಟೆಯಲ್ಲಿ ವಿಚಾರಿಸುವುದೂ ಅಗತ್ಯ. ಊರಿನ ಹೆಸರನ್ನು ಸೇರಿಸಿಕೊಳ್ಳುವವರು ಇನ್ನಷ್ಟು ಎಚ್ಚರದಿಂದಿರಬೇಕು. 'ಧಾರವಾಡ ಪೇಡ', 'ಬ್ಯಾಡಗಿ ಮೆಣಸಿನಕಾಯಿ' ಮುಂತಾದವು ಭೌಗೋಳಿಕ ಸೂಚಕ ಕಾಯ್ದೆಯಡಿ ರಕ್ಷಿತವಾಗಿವೆ.

ಹೆಸರು ಮುಕ್ತವಾಗಿದೆ ಎಂದು ಕಂಡುಬಂದಲ್ಲಿ ಅರ್ಜಿಗೆ ತಡಮಾಡಬಾರದು. 2017ರ ನಿಯಮಗಳಂತೆ ವ್ಯಕ್ತಿಗಳು, ಸ್ಟಾರ್ಟ್‌ಅಪ್‌ಗಳು ಮತ್ತು ಸಣ್ಣ ಉದ್ದಿಮೆಗಳಿಗೆ ಪ್ರತಿ ವರ್ಗಕ್ಕೆ ಆನ್‌ಲೈನ್ ಶುಲ್ಕ 4,500 ರೂಪಾಯಿ, ಉಳಿದವರಿಗೆ 9,000 ರೂಪಾಯಿ. ಅಧಿಕಾರಿಗಳು ಒಪ್ಪಿದ ಚಿಹ್ನೆ ಟ್ರೇಡ್ ಮಾರ್ಕ್ಸ್ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ಆಕ್ಷೇಪ ಸಲ್ಲಿಸಲು 4 ತಿಂಗಳ ಕಾಲಾವಕಾಶವಿದೆ. ನೋಂದಣಿಯ ಅವಧಿ 10 ವರ್ಷ, ನಂತರ ನವೀಕರಿಸಬಹುದು. ಕರ್ನಾಟಕವು ಚೆನ್ನೈ ಕಚೇರಿಯ ವ್ಯಾಪ್ತಿಗೆ ಸೇರಿದ್ದರೂ ಅರ್ಜಿಯನ್ನು ಅಂತರಜಾಲದ ಮೂಲಕವೇ ಸಲ್ಲಿಸಬಹುದಾಗಿದೆ.