ಶೋಲೆಗೆ ಆಳ, ಹರಿಶ್ಚಂದ್ರನಿಗೆ ಬಣ್ಣ

ಕಪನೂರಿನಲ್ಲಿ ಬೆಳೆದ ನಮಗೆ ಶೋಲೆಯ ಮಾತುಗಳಿಗೆ ಯಾರೂ ಅರ್ಥ ಹೇಳಿಕೊಡಬೇಕಾಗಿರಲಿಲ್ಲ. ಕಲಬುರಗಿಯ ಬಜಾರು, ಗ್ಯಾರೇಜು, ಬಸ್ ಸ್ಟ್ಯಾಂಡು ಎಲ್ಲಿ ನಿಂತರೂ ಉರ್ದು, ದಖನಿ ಕಿವಿಗೆ ಬೀಳುತ್ತಲೇ ಇರುತ್ತದೆ. ಗೊತ್ತಿಲ್ಲದೇ ಇದ್ದದ್ದು ಒಂದೇ, ಆ ರಾಮಗಢ ಇರುವುದು ನಮ್ಮದೇ ರಾಜ್ಯದಲ್ಲಿ ಅನ್ನೋದು. ಎಲ್ಲೋ ಚಂಬಲ್ ಕಡೆ ಇರಬೇಕು ಅಂದುಕೊಂಡಿದ್ದೆ :-)

1973ರ ಅಕ್ಟೋಬರಿನಲ್ಲಿ ರಮೇಶ್ ಸಿಪ್ಪಿಯವರ ತಂಡ ರಾಮನಗರದ ಬಂಡೆಗಳ ನಡುವೆ ಬೀಡುಬಿಟ್ಟಿತು. ಕಲಾ ನಿರ್ದೇಶಕ ರಾಮ್ ಯೇಡೇಕರ್ ಒಂದಿಡೀ ಹಳ್ಳಿಯನ್ನೇ ಕಟ್ಟಿ ನಿಲ್ಲಿಸಿದರು. ಅಲ್ಲಿಗೆ ಹೋಗಲು ಹೆದ್ದಾರಿಯಿಂದ ರಸ್ತೆಯನ್ನೂ ಮಾಡಿಕೊಂಡರು. ಈ ಕಥೆ ನೀವೆಲ್ಲ ಕೇಳಿಯೇ ಇರುತ್ತೀರಿ, ಉದ್ದ ಮಾಡುವುದಿಲ್ಲ. ನಾನು ಹೇಳಹೊರಟಿದ್ದು ಆ ಚಿತ್ರದ ರೀಲಿಗೆ ಆಮೇಲೆ ಏನೇನಾಯ್ತು ಅನ್ನೋದು.

ಶೋಲೆ ಹುಟ್ಟುವಾಗಲೇ ಒಮ್ಮೆ 'ಪರಿವರ್ತನೆ'ಯಾದ ಚಿತ್ರ. ಅದನ್ನು ಶೂಟ್ ಮಾಡಿದ್ದು ಮಾಮೂಲಿ 35 ಎಂಎಂ ಫಿಲಂನಲ್ಲಿ. ಆಮೇಲೆ ಅದನ್ನು ಹಿಗ್ಗಿಸಿ 70 ಎಂಎಂ ಪ್ರಿಂಟ್ ಮಾಡಿಸಿದರು. ಚೌಕಟ್ಟಿನ ಮೇಲೆ ಕೆಳಗೆ ಒಂದಷ್ಟು ಭಾಗ ಕತ್ತರಿಸಿ ಹೋಗುತ್ತದೆ ಅಂತ ಛಾಯಾಗ್ರಾಹಕ ದ್ವಾರಕಾ ದಿವೇಚಾಗೆ ಮೊದಲೇ ಗೊತ್ತಿತ್ತು. ಅದಕ್ಕೇ ಕ್ಯಾಮೆರಾದಲ್ಲಿ 70 ಎಂಎಂನ ಅಂಚನ್ನು ಗುರುತು ಹಾಕಿಕೊಂಡೇ ಒಂದೊಂದು ಶಾಟ್ ಜೋಡಿಸಿದರು. ಅಂದರೆ ಪರದೆ ಮೇಲೆ ಏನು ಉಳಿಯಬೇಕು, ಏನು ಹೋಗಬೇಕು ಅಂತ ತೀರ್ಮಾನ ಮಾಡಿದ್ದು ಚಿತ್ರ ಮಾಡಿದವರೇ.

ಎರಡನೇ ಪರಿವರ್ತನೆ 3ಡಿ. ಹಾಲಿವುಡ್ಡಿನಲ್ಲಿ 2011ರಲ್ಲಿ ಲಯನ್ ಕಿಂಗ್, 2012ರಲ್ಲಿ ಟೈಟಾನಿಕ್ 3ಡಿಯಾಗಿ ಮರುಬಿಡುಗಡೆಯಾದವು. ತಮಿಳಿನಲ್ಲಿ ರಜನಿಯ ಶಿವಾಜಿ 2012ರ ಡಿಸೆಂಬರಿನಲ್ಲಿ ಬಂತು. 2014ರ ಜನವರಿ 3ಕ್ಕೆ ಶೋಲೆಯ ಸರದಿ. ಕೇತನ್ ಮೆಹ್ತಾರ ಮಾಯಾ ಡಿಜಿಟಲ್ ಕೆಲಸ ಮಾಡಿತು, ಖರ್ಚು ಸುಮಾರು 25 ಕೋಟಿ ರೂಪಾಯಿ ಅಂತ ಪತ್ರಿಕೆಗಳು ಬರೆದವು. ಮೂಲ ಚಿತ್ರಕ್ಕೆ ಆದ ಖರ್ಚೇ ಸುಮಾರು 3 ಕೋಟಿ!

ಇಷ್ಟು ದುಡ್ಡು ಯಾಕೆ ಬೇಕು ಅಂತೀರಾ? ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 24 ಚಿತ್ರ, 200 ನಿಮಿಷಕ್ಕೆ 2,88,000 ಚಿತ್ರ. ನಮಗೆ ಆಳ ಕಾಣುವುದು ಎರಡು ಕಣ್ಣು ಸುಮಾರು ಆರೂವರೆ ಸೆಂಟಿಮೀಟರ್ ಅಂತರದಲ್ಲಿ ನಿಂತು ಬೇರೆ ಬೇರೆ ಚಿತ್ರ ಕಾಣುವುದರಿಂದ. (ಒಂದು ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸಿ ನೋಡಿ, ಗೊತ್ತಾಗುತ್ತೆ.) ದಿವೇಚಾರ ಕ್ಯಾಮೆರಾ ಒಂಟಿ ಕಣ್ಣಿನದು. ಹಾಗಾಗಿ ಎರಡನೇ ಕಣ್ಣಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ಹುಟ್ಟಿಸಬೇಕು. ಪ್ರತಿ ಫ್ರೇಮಿನಲ್ಲಿ ಮನುಷ್ಯ, ಕುದುರೆ, ಬಂಡೆಗಳ ಅಂಚು ಬಿಡಿಸಿ, ಯಾವುದು ಹತ್ತಿರ ಯಾವುದು ದೂರ ಅಂತ ಹೇಳಬೇಕು. ಅವನ್ನು ಕೊಂಚ ಪಕ್ಕಕ್ಕೆ ಸರಿಸಿದಾಗ ಹಿಂದೆ ಖಾಲಿ ಜಾಗ ಬೀಳುತ್ತದೆ. ಅಲ್ಲಿ ಏನಿತ್ತು ಅಂತ ಊಹಿಸಿ ತುಂಬಬೇಕು. ಗಬ್ಬರ್‌ನ ಭುಜದ ಹಿಂದೆ ಅಡಗಿದ್ದ ಕಲ್ಲಿನ ಚೂರು ಯಾವ ರೀಲಿನಲ್ಲೂ ಇಲ್ಲ, ಅದು 2013ರ ಯಾವುದೋ ಹುಡುಗನ ಕಲ್ಪನೆ.

ತಮಾಷೆ ಎಂದರೆ, ದೂರದ ಬೆಟ್ಟವನ್ನು ನಮ್ಮ ಎರಡೂ ಕಣ್ಣು ಹೆಚ್ಚೂಕಡಿಮೆ ಒಂದೇ ಥರ ಕಾಣುತ್ತವೆ. ಹಾಗಾಗಿ ರಾಮನಗರದ ಆ ದೊಡ್ಡ ದೊಡ್ಡ ಲಾಂಗ್ ಶಾಟುಗಳಿಗೆ ಕನ್ನಡಕದಿಂದ ಸಿಗುವ ಲಾಭ ಬಹಳ ಕಮ್ಮಿ.

ರಮೇಶ್ ಸಿಪ್ಪಿ ಇದನ್ನು ನಿಲ್ಲಿಸಲು ಕೋರ್ಟಿಗೆ ಹೋದರು. ತಡೆ ಸಿಗಲಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಿನಿಮಾದ ಕರ್ತೃ ನಿರ್ಮಾಪಕ, ನಿರ್ದೇಶಕ ಅಲ್ಲ. ನನಗೆ ಇದು ಅನ್ಯಾಯ ಅನ್ನಿಸುತ್ತೆ.

ಕನ್ನಡದ ಹಳೇ ಚಿತ್ರಗಳ ವಿಷಯಕ್ಕೆ ಬರೋಣ. ನಮ್ಮಲ್ಲಿ ಆಳ ಕೊಡುವ ಬದಲು ಬಣ್ಣ ಕೊಟ್ಟರು. ಹುಣಸೂರು ಕೃಷ್ಣಮೂರ್ತಿಯವರ 1965ರ 'ಸತ್ಯ ಹರಿಶ್ಚಂದ್ರ' 2008ರ ಏಪ್ರಿಲ್‌ನಲ್ಲಿ, ಅಣ್ಣಾವ್ರ ಹುಟ್ಟುಹಬ್ಬದ ಹೊತ್ತಿಗೆ, ಬಣ್ಣದಲ್ಲಿ ಬಂತು. ಮೊಘಲ್-ಎ-ಆಜಮ್ (2004), ನಯಾ ದೌರ್ (2007) ಆದ ಮೇಲೆ ದೇಶದಲ್ಲಿ ಇದೇ ಮೂರನೆಯದು. ದೊರೆ-ಭಗವಾನ್ ಜೋಡಿಯ 1971ರ 'ಕಸ್ತೂರಿ ನಿವಾಸ' 2014ರ ನವೆಂಬರಿನಲ್ಲಿ ಬಂತು, ಅಂದರೆ ಶೋಲೆ 3ಡಿ ಬಂದ ವರ್ಷವೇ.

ಇಲ್ಲೂ ಅದೇ ಊಹೆ. ಕೆಂಪು ಸೀರೆ, ಹಸಿರು ಸೀರೆ ಎರಡೂ ಕಪ್ಪು-ಬಿಳುಪು ಫಿಲಂನಲ್ಲಿ ಒಂದೇ ಬೂದು ಆಗಿಬಿಡಬಹುದು. ಎಂ.ಪಿ. ಶಂಕರ್ ಮಾಡಿದ ವೀರಬಾಹುವಿನ ಬಟ್ಟೆ ನಿಜವಾಗಿ ಯಾವ ಬಣ್ಣದ್ದಿತ್ತು ಅಂತ ನೆಗೆಟಿವ್ ಹೇಳುವುದಿಲ್ಲ. ಆದರೂ ನಾನು ಪೂರ್ತಿ ಬಯ್ಯಲಾರೆ. ಹುಡುಗರು ಅಣ್ಣಾವ್ರ ಹರಿಶ್ಚಂದ್ರನನ್ನು ಟಾಕೀಜಿನ ಪರದೆಯ ಮೇಲೆ ನೋಡುವಂತಾಗಿದ್ದು ಆ ಬಣ್ಣದಿಂದಲೇ ತಾನೆ?

ನನ್ನ ತಕರಾರು ಬೇರೆ. ಬಣ್ಣವೋ 3ಡಿಯೋ ಬಂದ ಕೂಡಲೇ ಚಿತ್ರ ಉಳಿಯಿತು ಅಂದುಕೊಂಡುಬಿಡುತ್ತೇವೆ. ಶೋಲೆಯನ್ನೇ ನೋಡಿ. ಫಿಲಂ ಹೆರಿಟೇಜ್ ಫೌಂಡೇಶನ್ ಅದನ್ನು ಜೀರ್ಣೋದ್ಧಾರ ಮಾಡಲು ಕೂತಾಗ ಮೂಲ ನೆಗೆಟಿವ್ 'ವಿನೆಗರ್ ಸಿಂಡ್ರೋಮ್' ಹತ್ತಿ ಹಾಳಾಗಿತ್ತು. (ಹಳೇ ಅಸಿಟೇಟ್ ಫಿಲಂ ಕೊಳೆಯುವಾಗ ಹುಳಿ ವಾಸನೆ ಬರುತ್ತೆ, ಅದಕ್ಕೇ ಆ ಹೆಸರು.) ಒಂದೇ ಒಂದು 70 ಎಂಎಂ ಪ್ರಿಂಟೂ ಉಳಿದಿರಲಿಲ್ಲ. ಇಂಗ್ಲೆಂಡಿನ ಉಗ್ರಾಣದಲ್ಲಿ ಸಿಕ್ಕ ಫಿಲಂ ಸಾಮಗ್ರಿಯೇ ಕೈಹಿಡಿದಿದ್ದು. 2025ರ ಜೂನ್ 27ರಂದು ಇಟಲಿಯ ಬೊಲೋನ್ಯಾದಲ್ಲಿ ತೆರೆಕಂಡ ಆ ಪ್ರತಿಯಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ ಸೆನ್ಸಾರ್ ಬದಲಿಸಿದ್ದ ಕೊನೆ ಇರಲಿಲ್ಲ. ಸಿಪ್ಪಿ ಮೊದಲು ಮಾಡಿದ್ದ ಹಾಗೆ ಠಾಕೂರನೇ ಗಬ್ಬರ್‌ನನ್ನು ಕೊಲ್ಲುತ್ತಾನೆ.

ಕನ್ನಡಕ್ಕೂ ಇಂಥ ಭಾಗ್ಯ ಬಂದಿದೆ. ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ವನ್ನು ಮೂಲ ನೆಗೆಟಿವ್‌ನಿಂದಲೇ 4ಕೆ ಗುಣಮಟ್ಟಕ್ಕೆ ತಂದು 2024ರಲ್ಲಿ ವೆನಿಸ್‌ನಲ್ಲಿ ತೋರಿಸಿದರು. ಅದರ ಕಪ್ಪು-ಬಿಳುಪನ್ನು ಯಾರೂ ಮುಟ್ಟಲಿಲ್ಲ. ಇನ್ನು 1934ರ 'ಸತಿ ಸುಲೋಚನ', ನಮ್ಮ ಮೊದಲ ವಾಕ್ಚಿತ್ರ.. ಅದರ ಪ್ರಿಂಟೇ ಇಲ್ಲ, ಬಣ್ಣ ಹಚ್ಚಲಿಕ್ಕೂ ಏನೂ ಉಳಿದಿಲ್ಲ.

ಅಂದ ಹಾಗೆ, 2008ರಲ್ಲಿ ಬಣ್ಣದ ಹರಿಶ್ಚಂದ್ರನನ್ನು ಟಾಕೀಜಿನಲ್ಲಿ ನೋಡಿದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಸ್ಮಶಾನದ ಆ ರಾತ್ರಿಗೆ ಯಾವ ಬಣ್ಣ ಕೊಟ್ಟಿದ್ದರು, ನೆನಪಿದ್ದರೆ ಬರೆಯಿರಿ.