ವಿಜಯಪುರ ಸೀಮೆಯ ಹೆಣ್ಣುಮಕ್ಕಳ ನುಡಿಗೆಳೆತನ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹೆಂಗಸರು ವಚನ, ಪುರಾಣ, ಹಾಡುಗಳನ್ನು ಕೂಡಿ ಹೇಳಿ, ಕೂಡಿ ಕೇಳಿ, ಬಾಯಿಂದ ಬಾಯಿಗೆ ದಾಟಿಸಿ ಬೆಳೆಸಿಕೊಂಡ ಒಡನಾಟವನ್ನು ಈ ಲೇಖನದಲ್ಲಿ ನುಡಿಗೆಳೆತನ ಎಂದು ಕರೆದಿದೆ. ಕಾಗದ, ಪುಸ್ತಕಗಳ ನೆರವು ಇದಕ್ಕೆ ಸಿಕ್ಕದ್ದು ಕಡಿಮೆ. ಹನ್ನೆರಡನೆಯ ಶತಮಾನದ ಶರಣೆಯರ ವಚನ, ಬೀಸುಕಲ್ಲಿನ ತ್ರಿಪದಿ, ಶ್ರಾವಣದ ಪುರಾಣ, ಅಕ್ಕನ ಬಳಗ ಇದರ ಮುಖ್ಯ ನೆಲೆಗಳು.

ಹಿನ್ನೆಲೆ

ಓದಿನ ಗೆಳೆತನ ಎಂದಾಗ ಸಾಹಿತ್ಯ ಚರಿತ್ರೆಕಾರರು ಸಾಮಾನ್ಯವಾಗಿ ತೋರಿಸುವುದು ಜಾರ್ಜ್ ದೊರೆಗಳ ಕಾಲದ (1714–1830) ಇಂಗ್ಲೆಂಡನ್ನು. ಲಂಡನ್ನಿನಲ್ಲಿ ಎಲಿಜಬೆತ್ ಮಾಂಟೆಗು ತನ್ನ ಮನೆಯಲ್ಲಿ ಓದುಗರ ಕೂಟ ನಡೆಸುತ್ತಿದ್ದಳು. ಆ ಬಳಗಕ್ಕೆ ‘ಬ್ಲೂ ಸ್ಟಾಕಿಂಗ್’ ಎಂಬ ಅಡ್ಡಹೆಸರು ಬಿತ್ತು. ಅದೇ ಬಳಗದ ಎಲಿಜಬೆತ್ ಕಾರ್ಟರ್ ಮತ್ತು ಕ್ಯಾಥರೀನ್ ಟಾಲ್ಬಟ್ ಮೂರು ದಶಕಗಳ ಕಾಲ ಪತ್ರ ಬರೆದುಕೊಂಡರು. ಗೆಳತಿಯ ಒತ್ತಾಸೆಯಿಂದ ಕಾರ್ಟರ್ ಗ್ರೀಕ್ ತತ್ತ್ವಜ್ಞ ಎಪಿಕ್ಟೀಟಸ್‌ನನ್ನು ಅನುವಾದಿಸಿದಳು. ಆ ಪುಸ್ತಕ 1758ರಲ್ಲಿ ಅಚ್ಚಾಯಿತು.

ಅದೇ ಕಾಲದಲ್ಲಿ ವಿಜಯಪುರ ಸೀಮೆ ಕೈಯಿಂದ ಕೈಗೆ ದಾಟುತ್ತಿತ್ತು. 1686ರಲ್ಲಿ ಆದಿಲಶಾಹಿ ಮುಗಿದು ಮೊಗಲರು ಬಂದರು. ಅವರ ಹಿಂದೆ ನಿಜಾಮ, 1760ರಲ್ಲಿ ಪೇಶ್ವೆ, 1818ರಲ್ಲಿ ಇಂಗ್ಲಿಷರು. ಇಲ್ಲಿಯ ಹೆಂಗಸರಿಗೆ ಅಂಚೆಯೂ ಇರಲಿಲ್ಲ, ಅಕ್ಷರವೂ ಬಹುಮಟ್ಟಿಗೆ ದೂರವಿತ್ತು. ಆದರೂ ಪತ್ರ ಮಾಡಬೇಕಾದ ಕೆಲಸವನ್ನು ಹಾಡು ಮಾಡುತ್ತಿತ್ತು. ಕೊಟ್ಟ ಮನೆಯಲ್ಲಿರುವ ಮಗಳು ಬಳೆಗಾರನಿಗೆ ದಾರಿ ಹೇಳಿ, ಗುರುತು ಹೇಳಿ, ತವರಿಗೆ ಕಳಿಸುವ ಜನಪದ ಗೀತೆ ನಾಡಿಗೆಲ್ಲ ಗೊತ್ತಿರುವಂಥದು. ಬರೆಯದ ಓಲೆಯನ್ನು ಒಯ್ಯುವವನು ಆ ಬಳೆಗಾರ.

ಶರಣೆಯರು

ಬಸವಣ್ಣನ ಹುಟ್ಟೂರು ಬಾಗೇವಾಡಿ. ಅವನ ಅಕ್ಕ ನಾಗಮ್ಮ ಚೆನ್ನಬಸವಣ್ಣನ ತಾಯಿ ಮಾತ್ರವಲ್ಲ, ಸ್ವತಃ ವಚನಕಾರ್ತಿ. ‘ಬಸವಣ್ಣಪ್ರಿಯ ಚೆನ್ನಸಂಗಯ್ಯ’ ಆಕೆಯ ಅಂಕಿತ. ಬಸವಣ್ಣನ ಮಡದಿಯರಾದ ಗಂಗಾಂಬಿಕೆ, ನೀಲಾಂಬಿಕೆಯರೂ ವಚನ ಬರೆದವರು. ನೀಲಾಂಬಿಕೆಯ ಐಕ್ಯಸ್ಥಳವೆಂದು ಪರಂಪರೆ ತೋರಿಸುವ ತಂಗಡಗಿ ಮುದ್ದೇಬಿಹಾಳ ತಾಲ್ಲೂಕಿನಲ್ಲಿ, ಕೃಷ್ಣೆಯ ದಡದಲ್ಲಿದೆ. ಹೀಗೆ ಶರಣರ ನೆಲೆಯಾಗಿದ್ದ ಕಲ್ಯಾಣದಲ್ಲಿ ಕೂಡಿದ ಹೆಣ್ಣುಮಕ್ಕಳ ದಾರಿಯ ಒಂದು ತುದಿ ಬಾಗೇವಾಡಿಯಲ್ಲಿ, ಇನ್ನೊಂದು ತಂಗಡಗಿಯಲ್ಲಿ.

ವಚನ ಬರೆದ ಹೆಂಗಸರು ಮೂವತ್ತಕ್ಕೂ ಹೆಚ್ಚು. ಅಕ್ಕಮಹಾದೇವಿ, ಅಣ್ಣ ಅಜಗಣ್ಣನನ್ನು ಗುರುವೆಂದೇ ಕಂಡ ಮುಕ್ತಾಯಕ್ಕ, ಆಯ್ದಕ್ಕಿ ಲಕ್ಕಮ್ಮ, ಸತ್ಯಕ್ಕ, ನೂಲುವ ಕದಿರ ರೆಮ್ಮವ್ವೆ, ಸೂಳೆ ಸಂಕವ್ವೆ ಮುಂತಾದವರು ಬೇರೆ ಬೇರೆ ಊರು, ಜಾತಿ, ಕಾಯಕಗಳಿಂದ ಬಂದವರು. ರೆಮ್ಮವ್ವೆ ತಾನು ತಿರುಗಿಸುವ ರಾಟೆಯನ್ನೇ ವಚನಕ್ಕೆ ವಸ್ತು ಮಾಡಿಕೊಂಡಳು. ಕೈಗೆಲಸ ನಿಲ್ಲಿಸಿ ನುಡಿಯುವುದಲ್ಲ, ಕೈಗೆಲಸದೊಳಗಿಂದಲೇ ನುಡಿಯುವುದು: ಈ ಗುಣ ಮುಂದೆ ಬೀಸುಕಲ್ಲಿನ ಹಾಡಿನಲ್ಲೂ ಕಾಣುತ್ತದೆ. ಇನ್ನೊಂದು ಕೊಂಡಿ ಛಂದಸ್ಸಿನದು. ಅಕ್ಕಮಹಾದೇವಿಯ ಹೆಸರಿನಲ್ಲಿರುವ ‘ಯೋಗಾಂಗ ತ್ರಿವಿಧಿ’ ತ್ರಿಪದಿಯಲ್ಲಿದೆ.

ಬೀಸುಕಲ್ಲು ಮತ್ತು ತ್ರಿಪದಿ

ತ್ರಿಪದಿ ಈ ನೆಲದ ಹಳೆಯ ಮಟ್ಟು. ಸುಮಾರು ಕ್ರಿ.ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಅದು ಆಗಲೇ ಪಳಗಿದ ರೂಪದಲ್ಲಿದೆ. ಬಾದಾಮಿಯೂ 1997ರವರೆಗೆ ಬಿಜಾಪುರ (ಇಂದಿನ ವಿಜಯಪುರ) ಜಿಲ್ಲೆಯಲ್ಲೇ ಇತ್ತು. ಆದರೆ ಈ ಮಟ್ಟು ಶತಮಾನಗಳ ಕಾಲ ಉಳಿದದ್ದು ಕಲ್ಲಿನ ಮೇಲಲ್ಲ, ಕಲ್ಲಿನ ಮುಂದೆ ಕೂತವರ ಬಾಯಲ್ಲಿ.

ಜೋಳದ ಸೀಮೆಯಲ್ಲಿ ದಿನದ ರೊಟ್ಟಿಗೆ ದಿನವೂ ಹಿಟ್ಟು ಬೇಕು. ನಸುಕಿನಲ್ಲೇ ಎದ್ದು ಅತ್ತೆ–ಸೊಸೆ, ನೆಗೆಣ್ಣಿಯರು ಅಥವಾ ನೆರೆಮನೆಯ ಗೆಳತಿಯರು ಎದುರುಬದುರು ಕೂತು ಒಂದೇ ಗೂಟ ಹಿಡಿದು ಬೀಸುತ್ತಿದ್ದರು. ಹಾಡು ದೇವರನ್ನು, ಗುರುವನ್ನು ನೆನೆದು, ಕಲ್ಲನ್ನೇ ತಾಯಿಯೆಂದು ಕರೆದು ಶುರುವಾಗುತ್ತದೆ. ಆಮೇಲೆ ತವರು, ಹಡೆದವ್ವ, ಅಣ್ಣ–ತಮ್ಮ, ತೊಟ್ಟಿಲ ಕೂಸು, ಗಂಡ, ಸವತಿ, ಬಡತನ. ಮೂರು ಸಾಲಿನ ಪದ್ಯ ಹಾಡುವಾಗ ನಾಲ್ಕಾಗುತ್ತದೆ, ಏಕೆಂದರೆ ಎರಡನೆಯ ಸಾಲು ಮರುಕಳಿಸುತ್ತದೆ. ಒಬ್ಬಳು ಎತ್ತಿಕೊಂಡದ್ದನ್ನು ಇನ್ನೊಬ್ಬಳು ಹಿಡಿದುಕೊಳ್ಳಲು ಸಿಗುವ ಎಡೆ ಅದು. ಹೊಸ ಸೊಸೆ ಹಾಡು ಕಲಿಯುವುದೂ ಹಾಗೆಯೇ. ಮನಸ್ಸಿನೊಳಗಿನ ಮಾತನ್ನು ನೇರವಾಗಿ ಆಡಲಾಗದ ಮನೆಯಲ್ಲಿ ಅದು ಪದವಾಗಿ ಹೊರಬೀಳುತ್ತಿತ್ತು. ಎದುರಿಗೆ ಕೂತವಳಿಗೆ ತಿಳಿಯುತ್ತಿತ್ತು.

ಮದುವೆಯಾದವಳು ಬೇರೆ ಊರಿಗೆ ಹೋಗುವುದರಿಂದ ಹಾಡೂ ಅವಳೊಡನೆ ಹೊರಡುತ್ತದೆ. ನಾಗರ ಪಂಚಮಿಗೆ ತವರಿಗೆ ಬಂದು ಜೋಕಾಲಿ ಜೀಕುವ ಗೆಳತಿಯರು ಗಂಡನ ಮನೆಯಲ್ಲಿ ಕಲಿತ ಪದಗಳನ್ನು ಬದಲಾಯಿಸಿಕೊಳ್ಳುತ್ತಾರೆ. ಸೋಬಾನ, ಜೋಗುಳ, ಗುಳ್ಳವ್ವನ ಪದ, ಜೋಕುಮಾರನ ಪದಗಳೂ ಹೀಗೆಯೇ ಊರೂರು ಸುತ್ತಿದವು.

ಕೇಳಿಕೆಯ ಓದು

ಅಕ್ಷರ ಬಾರದವರಿಗೂ ಗ್ರಂಥ ಸಿಕ್ಕದ್ದು ಪುರಾಣದಲ್ಲಿ. ಶ್ರಾವಣ ಬಂದರೆ ಮಠ, ಗುಡಿಗಳಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಪದ್ಯ ಓದಿದರೆ ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ಭೀಮಕವಿಯ ‘ಬಸವಪುರಾಣ’ (1369), ಚಾಮರಸನ ‘ಪ್ರಭುಲಿಂಗಲೀಲೆ’ಯಂಥ ಕಾವ್ಯಗಳು ಹೀಗೆ ಕಿವಿಯಿಂದ ಕಲಿತವರ ಸೊತ್ತಾದವು. ಸಂಜೆ ಕೇಳಿದ ಕಥೆ ಮರುದಿನ ನಸುಕಿಗೆ ಕಲ್ಲಿನ ಪದಕ್ಕೆ ಇಳಿಯಲು ಅಡ್ಡಿಯಿರಲಿಲ್ಲ. ಶಿವಶರಣರನ್ನು ನೆನೆಯುವ ತ್ರಿಪದಿಗಳು ಹೇರಳವಾಗಿರುವುದಕ್ಕೆ ಇದೂ ಒಂದು ಕಾರಣ.

ಅಚ್ಚಿಗೆ ಬಂದ ಬಗೆ

ಈ ಬಾಯಿನುಡಿ ಪುಸ್ತಕವಾದದ್ದು ಇನ್ನೊಂದು ಗೆಳೆತನದಿಂದ. ಆಗ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಮಧುರಚೆನ್ನ (ಚೆನ್ನಮಲ್ಲಪ್ಪ ಗಲಗಲಿ, 1903–1953), ಚಡಚಣದ ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಕೂಡಿ ಓದುತ್ತ, ಬರೆಯುತ್ತ, ಅರವಿಂದರ ಯೋಗವನ್ನು ಚರ್ಚಿಸುತ್ತ ಇದ್ದರು. ಕನ್ನಡ ಸಾಹಿತ್ಯದಲ್ಲಿ ಇವರು ‘ಹಲಸಂಗಿ ಗೆಳೆಯರು’. ತಮ್ಮ ಸೀಮೆಯ ಹೆಂಗಸರ ಬಾಯಲ್ಲಿದ್ದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’ ಅದರ ಬೆನ್ನಿಗೆ ಬಂದವು. ಕನ್ನಡದ ಜನಪದ ಗೀತ ಸಂಗ್ರಹಗಳಿಗೆ ‘ಗರತಿಯ ಹಾಡು’ ದಾರಿ ಹಾಕಿತು.

ಸಂಪುಟದ ಮೇಲಿರುವುದು ಸಂಗ್ರಾಹಕರ ಹೆಸರು. ಶರಣೆಯರ ವಚನಕ್ಕೆ ಅಂಕಿತವಿದೆ, ಕಾರ್ಟರಳ ಪತ್ರಕ್ಕೆ ಸಹಿಯಿದೆ, ಗರತಿಯ ಹಾಡಿಗೆ ಎರಡೂ ಇಲ್ಲ. ‘ಗರತಿ’ ಎಂಬ ಒಂದೇ ಪದ ಸಾವಿರ ಬಾಯಿಗಳಿಗೆ ಅಂಕಿತವಾಯಿತು.

ವಚನಗಳ ಕಡೆ ಈ ಕೆಲಸ ಮಾಡಿದವರು ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿ (1880–1964). ಮನೆಮಠಗಳ ತಾಡೋಲೆ ಕಟ್ಟುಗಳನ್ನು ಹುಡುಕಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಪ್ರಕಟಿಸಿದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭವಾದವು. 1993ರಲ್ಲಿ ಕರ್ನಾಟಕ ಸರ್ಕಾರ ಸಮಗ್ರ ವಚನ ಸಂಪುಟಗಳನ್ನು ಹೊರತಂದಾಗ ಪ್ರಧಾನ ಸಂಪಾದಕರಾಗಿದ್ದವರು ಸಿಂದಗಿ ತಾಲ್ಲೂಕಿನವರೇ ಆದ ಎಂ.ಎಂ. ಕಲಬುರ್ಗಿ. ಆ ಮಾಲೆಯಲ್ಲಿ ಶಿವಶರಣೆಯರಿಗೇ ಒಂದು ಸಂಪುಟ ಮೀಸಲಾಯಿತು. ಕಲ್ಯಾಣದಲ್ಲಿ ಕೂಡಿದ್ದವರು ಹೀಗೆ ಮತ್ತೆ ಒಂದೇ ಹೊದಿಕೆಯೊಳಗೆ ಕೂಡಿದರು.

ಇಪ್ಪತ್ತನೆಯ ಶತಮಾನ ಮತ್ತು ಈಚೆಗೆ

ಮೈಸೂರು ಸೀಮೆಯಲ್ಲಿ ಹೆಂಗಸರ ಓದುಬಳಗ ಪತ್ರಿಕೆ, ಪುಸ್ತಕಮಾಲೆಗಳ ಸುತ್ತ ಬೆಳೆಯಿತು. ನಂಜನಗೂಡು ತಿರುಮಲಾಂಬ 1913ರಲ್ಲಿ ಸತೀಹಿತೈಷಿಣೀ ಗ್ರಂಥಮಾಲೆಯನ್ನೂ ಆರ್. ಕಲ್ಯಾಣಮ್ಮ 1921ರಲ್ಲಿ ‘ಸರಸ್ವತಿ’ ಪತ್ರಿಕೆಯನ್ನೂ ಆರಂಭಿಸಿದರು. ಮುಂಬಯಿ ಪ್ರಾಂತದಲ್ಲಿದ್ದ ವಿಜಯಪುರ ಸೀಮೆಯಲ್ಲಿ ಹೆಂಗಸರ ಕೂಟ ಬಹುಮಟ್ಟಿಗೆ ಬಾಯಿಪಾಠದ ಹಾದಿಯಲ್ಲೇ ನಡೆಯಿತು. ಉತ್ತರ ಕರ್ನಾಟಕದ ಅನೇಕ ಊರುಗಳಲ್ಲಿ ಕಟ್ಟಿಕೊಂಡ ‘ಅಕ್ಕನ ಬಳಗ’ ಇದರ ಹೊಸ ರೂಪ. ಹೆಂಗಸರು ಸೇರಿ ವಚನ ಹೇಳುವುದು, ಹಾಡುವುದು, ಅರ್ಥ ಮಾತಾಡಿಕೊಳ್ಳುವುದು ಅದರ ಕೆಲಸ. ಇಲ್ಲಿ ‘ಅಕ್ಕ’ ಅಕ್ಕಮಹಾದೇವಿಯೂ ಹೌದು, ಪಕ್ಕದಲ್ಲಿ ಕೂತವಳೂ ಹೌದು.

ಬೀಸುಕಲ್ಲಿನ ಕೂಟವನ್ನು ಮುಗಿಸಿದ್ದು ಹಿಟ್ಟಿನ ಗಿರಣಿ. ರಟ್ಟೆಯ ನೋವು ಹೋಯಿತು. ನಸುಕಿನಲ್ಲಿ ಇಬ್ಬರು ಎದುರುಬದುರು ಕೂಡುವ ಹೊತ್ತೂ ಹೋಯಿತು. ಹಾಡು ಸೋಬಾನಕ್ಕೆ, ಹಬ್ಬಕ್ಕೆ, ವೇದಿಕೆಗೆ ಸರಿಯಿತು. ಅತ್ತ ಶಾಲೆಯ ಅಕ್ಷರ ಹಬ್ಬಿ, 2003ರಲ್ಲಿ ವಿಜಯಪುರದಲ್ಲಿ ರಾಜ್ಯದ ಮಹಿಳಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಮುಂದೆ ಅದಕ್ಕೆ ಅಕ್ಕಮಹಾದೇವಿಯ ಹೆಸರಿಟ್ಟರು. ಬೀಸುವ ಪದ ಬಾಯಲ್ಲಿದ್ದವರ ಮೊಮ್ಮಕ್ಕಳ ತಲೆಮಾರಿಗೆ ಆ ಪದಗಳು ಈಗ ಜನಪದ ಸಾಹಿತ್ಯದ ಪಠ್ಯ. ಅವರು ಅದನ್ನು ಕಣ್ಣಿನಿಂದ ಓದುತ್ತಾರೆ. ಮರುಕಳಿಸಬೇಕಾದ ಎರಡನೆಯ ಸಾಲು ಅಚ್ಚಿನಲ್ಲಿ ಒಂದೇ ಸಲ ಬರುತ್ತದೆ.